ಡಾ. ಅನುಪಮಾ ನಿರಂಜನ

ವೈದ್ಯರ ಮನೆಯ ಬಾಗಿಲಿಗೆ ಹಗಲು ರಾತ್ರಿಗಳ ಭೇದವಿಲ್ಲ. ಹೆರಿಗೆಯ ನೋವು ಹೊತ್ತು ನೋಡಿ ಬರುವುದಿಲ್ಲ. ಪತಿಪತ್ನಿಯರಿಬ್ಬರೂ ವೈದ್ಯರಾದರೆ ಒಬ್ಬರ ಅವಸರವು ಮತ್ತೊಬ್ಬರಿಗೆ ಹೇಳದೆಯೇ ತಿಳಿಯುತ್ತದೆ. ಆದರೂ ಮಕ್ಕಳನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆ ಅಂಥ ಮನೆಯಲ್ಲಿಯೂ ಉಳಿಯುತ್ತದೆ. ಬಹುಮಟ್ಟಿಗೆ ಅದು ಪತ್ನಿಯ ಪಾಲಿಗೇ ಬರುತ್ತದೆ. ಪತ್ನಿ ವೈದ್ಯೆಯಾಗಿ, ಪತಿ ಲೇಖನಿಯನ್ನೇ ನೆಚ್ಚಿದ ಸಾಹಿತಿಯಾಗಿದ್ದರೆ, ಜೊತೆಗೆ ಪತ್ನಿಗೂ ಬರೆಯುವ ಹಂಬಲವಿದ್ದರೆ, ಆ ಸಂಸಾರ ಸಾಗುವ ಬಗೆ ಹೇಗೆ?

ಅನುಪಮಾ 1934ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿದರು. ಹಿರಿಯರು ಇಟ್ಟ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಪದವಿಯನ್ನು ಪಡೆದರು. 1956ರಲ್ಲಿ ಅವರು ವರಿಸಿದ್ದು ಕುಳಕುಂದ ಶಿವರಾಯರನ್ನು. ಕಯ್ಯೂರಿನ ರೈತರ ಹೋರಾಟವನ್ನು ಕುರಿತ ‘ಚಿರಸ್ಮರಣೆ’ಯ ಕರ್ತೃವಾದ ಈ ಶಿವರಾಯರೇ ಕನ್ನಡಿಗರ ನಿರಂಜನ.

ಅನುಪಮಾ ವೈದ್ಯವೃತ್ತಿಯನ್ನು ನಡೆಸಿದ್ದು ಧಾರವಾಡದಲ್ಲಿ, ಬಳಿಕ ಬೆಂಗಳೂರಿನಲ್ಲಿ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದೇ 1957ರಲ್ಲಿ. ಕಲಘಟಗಿಯ ಕಡೆಯ ತಂಬೂರದಂತಹ ಹಳ್ಳಿಗಳಲ್ಲಿ ಸೂಲಗಿತ್ತಿಯ ಕೈಗುಣವೇ ಹೆಣ್ಣುಮಕ್ಕಳಿಗೆ ಆಸರೆಯಾಗಿದ್ದ ಕಾಲ ಅದು. ತಮ್ಮ ದೇಹದ ಬಾಧೆಯನ್ನು ಗಂಡಸಿನ ಮುಂದೆ ಹೇಳಲು ನಾಚುತ್ತಿದ್ದವರಿಗೆ ವೈದ್ಯೆಯೊಬ್ಬಳು ದೊರೆಯುವುದೆಂದರೆ ಸಣ್ಣ ಮಾತಲ್ಲ. ಎದುರಿಗೆ ಕುಳಿತ ರೋಗಿಗೆ ಹೇಳಿದ ಮಾತು ಅವಳೊಬ್ಬಳಿಗೇ ಮುಟ್ಟುತ್ತದೆ. ಪುಸ್ತಕವಾದರೆ ಓದು ಬಲ್ಲವರೆಲ್ಲರಿಗೂ ಮುಟ್ಟುತ್ತದೆ. ‘ತಾಯಿ–ಮಗು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ ಮುಂತಾದ ಗ್ರಂಥಗಳು ಅವರ ಚಿಕಿತ್ಸಾಲಯದ ಮುಂದುವರಿಕೆಯೆಂದೇ ನನಗೆ ತೋರುತ್ತದೆ. ಇಂಥ ವಿಷಯವನ್ನು ತಿಳಿಗನ್ನಡದಲ್ಲಿ, ಮುಚ್ಚುಮರೆಯಿಲ್ಲದೆ ಬರೆಯಲು ಆಗ ಎದೆಗಾರಿಕೆ ಬೇಕಾಗಿತ್ತು.

ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ರೋಗಿಗಳು, ಅಡಿಗೆ, ಮಕ್ಕಳು, ಇವೆಲ್ಲವುಗಳ ನಡುವೆ ಬರವಣಿಗೆ. ಮಕ್ಕಳಿಗಾಗಿ ದಿನಕ್ಕೊಂದರಂತೆ ವರ್ಷಕ್ಕಾಗುವಷ್ಟು ಕಥೆಗಳನ್ನು ಬರೆದು, ತಿಂಗಳಿಗೊಂದರಂತೆ 12 ಸಂಪುಟಗಳಲ್ಲಿ ಕೊಟ್ಟರು. ವೃತ್ತಿನಿರತಳಾದ ತಾಯಿಗೆ ಮಕ್ಕಳ ಕಡೆ ಗಮನವಿರುವುದಿಲ್ಲ ಎನ್ನುವವರು ಈ ಸಂಪುಟಗಳನ್ನೊಮ್ಮೆ ನೋಡಬೇಕು.

ನಡುವೆ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದರು. ಹೊರಗೆ ರೋಗಿಗಳನ್ನು ಕಂಡು ಬಂದ ವೈದ್ಯೆಗೆ ಮನೆಯಲ್ಲಿಯೂ ರೋಗಿಯೇ ಎದುರಾದಂತಾಯಿತು. ಆದರೆ ನಿರಂಜನರು ಬರಿಯ ರೋಗಿಯಾಗಿ ಉಳಿಯಲಿಲ್ಲ. ದೇಹ ಸಹಕರಿಸದಿದ್ದರೂ 25 ಸಂಪುಟಗಳ ‘ವಿಶ್ವಕಥಾಕೋಶ’ವನ್ನು ಸಂಪಾದಿಸಿದರು. ಅನುಪಮಾ ಅವರ ಲೇಖನಿಯೂ ನಿಲ್ಲಲಿಲ್ಲ. ಒಬ್ಬರ ಸಾಧನೆಗಾಗಿ ಇನ್ನೊಬ್ಬರು ತಮ್ಮ ಕೆಲಸವನ್ನು ಬಲಿಗೊಡಬೇಕೆಂಬ ರೂಢಿ ಆ ಮನೆಯಲ್ಲಿ ನಡೆಯಲಿಲ್ಲ.

ಮಹಾಭಾರತದಲ್ಲಿ ಯಯಾತಿಯ ಮಗಳು ಮಾಧವಿಯನ್ನು ಕುದುರೆಗಳಿಗಾಗಿ ಒಬ್ಬ ಅರಸನಿಂದ ಮತ್ತೊಬ್ಬ ಅರಸನಿಗೆ ಒಪ್ಪಿಸಿದ ಕಥೆಯುಂಟು. ಅದನ್ನು ಆಧರಿಸಿ ಅನುಪಮಾ ‘ಮಾಧವಿ’ ಕಾದಂಬರಿಯನ್ನು ರಚಿಸಿದರು. ಹೆತ್ತ ಮಕ್ಕಳನ್ನು ಒಬ್ಬೊಬ್ಬರಾಗಿ ಬಿಟ್ಟು ನಡೆಯಬೇಕಾದ ಆ ಹೆಣ್ಣಿನ ಸಂಕಟವನ್ನು ಬರೆಯಲು ಪ್ರಸೂತಿಯ ನೋವನ್ನು ಹತ್ತಿರದಿಂದ ಬಲ್ಲ ವೈದ್ಯೆಗಿಂತ ತಕ್ಕವರು ಯಾರು?

ಕೊನೆಗೆ ಕ್ಯಾನ್ಸರ್ ಅವರನ್ನೇ ಹಿಡಿಯಿತು. ರೋಗದ ಗತಿ ವೈದ್ಯೆಯಾದ ಅವರಿಗೆ ತಿಳಿಯದ್ದೇನೂ ಆಗಿರಲಿಲ್ಲ. ಆ ಅರಿವಿನೊಡನೆಯೇ ಬರೆಯುತ್ತ ಹೋದ ಅನುಪಮಾ 1991ರಲ್ಲಿ ತೀರಿಕೊಂಡರು.