ಗುಂಟೂರಿನ ವೈದ್ಯಭಗಿನಿ ಡಾ. ಮೇರಿ ಗ್ಲೌರಿ

ಹೊರದೇಶದಲ್ಲಿ ದುಡಿಯುವ ಬಂಧುಗಳು ರಜೆಗೆ ಬರುವಾಗ ಚೀಲದ ತುಂಬ ಮಾತ್ರೆಗಳನ್ನು ತಂದು ಕನ್ಯಾಮಠದ ಔಷಧಾಲಯಕ್ಕೆ ಕೊಡಬಯಸುವುದುಂಟು. ಮನೆಯಲ್ಲಿ ರೋಗಿಯೊಬ್ಬರು ತೀರಿಕೊಂಡಾಗ ಉಳಿದ ಔಷಧಿಯನ್ನು ಬಡವರಿಗೆ ಸಲ್ಲಿಸುವ ಆಸೆಯೂ ಸಹಜವೇ. ಆದರೆ ಇತ್ತೀಚಿನ ವರ್ಷಗಳಲ್ಲಿ ಧರ್ಮಭಗಿನಿಯರು ಇಂತಹ ಕಾಣಿಕೆಯನ್ನು ವಿನಯದಿಂದಲೇ ನಿರಾಕರಿಸಿದರೆ ನಮ್ಮಲ್ಲಿ ಕೆಲವರಿಗೆ ನೋವಾಗುತ್ತದೆ. ಧರ್ಮಕ್ಕೆ ಕೊಡುವುದಕ್ಕೂ ಇಷ್ಟೊಂದು ನಿಯಮಗಳೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವನ್ನು ಅರಸುವವರು, 1957ರಲ್ಲಿ ಬೆಂಗಳೂರಿನಲ್ಲಿ ಕಣ್ಮುಚ್ಚಿದ ಒಬ್ಬ ವೈದ್ಯಭಗಿನಿಯ ಬದುಕನ್ನು ನೆನೆಯುವುದು ಉಚಿತ.

ಮೇರಿ ಗ್ಲೌರಿ ಹುಟ್ಟಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಬಿರೆಗುರ್ರ ಎಂಬ ಊರಿನಲ್ಲಿ, 1887ನೇ ಇಸವಿಯ ಜೂನ್ 23ರಂದು. ಒಂಬತ್ತು ಮಕ್ಕಳ ದೊಡ್ಡ ಕಥೋಲಿಕ ಕುಟುಂಬ ಅವರದು. ಓದಿನಲ್ಲಿ ಚುರುಕಾಗಿದ್ದ ಹುಡುಗಿ ವಿದ್ಯಾರ್ಥಿವೇತನ ಪಡೆದು ಮೆಲ್ಬೋರ್ನ್ ವಿಶ್ವವಿದ್ಯಾಲಯವನ್ನು ಸೇರಿದರು. ವೈದ್ಯವಿದ್ಯೆ ಕಲಿಯುವ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, 1910ರಲ್ಲಿ ಅವರು ವೈದ್ಯ ಪದವಿ ಗಳಿಸಿದರು. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯಲ್ಲಿ ಕೆಲಕಾಲ ದುಡಿದು, ಮತ್ತೆ ಮೆಲ್ಬೋರ್ನ್‌ಗೆ ಬಂದು ಕಣ್ಣಿನ ಚಿಕಿತ್ಸೆಯಲ್ಲಿ ಪರಿಣತಿ ಸಾಧಿಸಿದರು. ನಗರದಲ್ಲಿ ಸ್ವಂತ ವೃತ್ತಿಯೂ ಕುದುರಿತು. 1916ರಲ್ಲಿ ಕಥೋಲಿಕ ಮಹಿಳೆಯರ ಸಾಮಾಜಿಕ ಸಂಘವೊಂದು ಅಲ್ಲಿ ಆರಂಭವಾದಾಗ ಅದರ ಮೊದಲ ಅಧ್ಯಕ್ಷೆಯಾಗಿ ಅವರೇ ಆಯ್ಕೆಯಾದರು. ಮಾನ, ಹಣ, ನೆಮ್ಮದಿ ಯಾವುದಕ್ಕೂ ಕೊರತೆಯಿರಲಿಲ್ಲ.

ಅಷ್ಟರಲ್ಲಿ, 1915ರಲ್ಲಿ ಒಂದು ಕಿರುಹೊತ್ತಗೆ ಅವರ ಕೈಸೇರಿತ್ತು. ಅದು ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರನ್ನು ಕುರಿತದ್ದು. ಪುರುಷ ವೈದ್ಯರ ಮುಂದೆ ಬರಲಾರದ ಭಾರತದ ಹೆಂಗಸರು ಹೆರಿಗೆಯಲ್ಲಿ ಸಾಯುವುದನ್ನೂ, ಹಸುಗೂಸುಗಳು ಗುಂಪುಗುಂಪಾಗಿ ಅಳಿಯುವುದನ್ನೂ ಕಂಡು ಮರುಗಿದ್ದ ಮೆಕ್ಲಾರೆನ್, ಮಹಿಳಾ ವೈದ್ಯರಿಗಾಗಿ ಜಗತ್ತಿಗೆ ಮೊರೆಯಿಟ್ಟಿದ್ದರು. ಓದಿ ಮುಗಿಸುವ ಹೊತ್ತಿಗೆ ಗ್ಲೌರಿಯವರಿಗೆ ತಮ್ಮ ಕರೆ ಯಾವುದೆಂದು ತಿಳಿದುಹೋಗಿತ್ತು.

ಆದರೆ ಅವರು ತಕ್ಷಣ ಹಡಗು ಹತ್ತಲಿಲ್ಲ. ಹೆರಿಗೆ, ಸ್ತ್ರೀರೋಗ ಮತ್ತು ನೇತ್ರ ಚಿಕಿತ್ಸೆಯಲ್ಲಿ ಇನ್ನಷ್ಟು ಅಭ್ಯಾಸ ಮಾಡಿ 1919ರಲ್ಲಿ ಎಂ.ಡಿ. ಪದವಿ ಪಡೆದರು. ಮರುಕವೊಂದೇ ಸಾಲದು, ಬಡರೋಗಿಗೆ ಕೊಡುವುದು ಶ್ರೀಮಂತ ರೋಗಿಗೆ ಕೊಡುವಷ್ಟೇ ಉತ್ತಮವಾಗಿರಬೇಕು ಎಂಬ ನಿಲುವು ಆ ನಾಲ್ಕು ವರ್ಷಗಳ ಸಿದ್ಧತೆಯಲ್ಲೇ ಕಾಣುತ್ತದೆ. 1920ರ ಫೆಬ್ರವರಿಯಲ್ಲಿ ಅವರು ಆಗಿನ ಮದ್ರಾಸ್ ಪ್ರಾಂತ್ಯದ ಗುಂಟೂರಿಗೆ ಬಂದಿಳಿದು, ಡಚ್ ಮೂಲದ ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು.

ಇಲ್ಲೊಂದು ತೊಡಕಿತ್ತು. ವ್ರತ ಸ್ವೀಕರಿಸಿದ ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸುವುದಕ್ಕೆ ಅಂದಿನ ಧರ್ಮಸಭೆಯ ಕಟ್ಟಳೆ ಅವಕಾಶವೀಯುತ್ತಿರಲಿಲ್ಲ. ಗ್ಲೌರಿಯವರು ಕಟ್ಟಳೆಯನ್ನು ಮುರಿಯಲೂ ಇಲ್ಲ, ಅದಕ್ಕಂಜಿ ಹಿಂದಿರುಗಲೂ ಇಲ್ಲ. ಜಗದ್ಗುರು 15ನೇ ಬೆನೆಡಿಕ್ಟರಿಂದ ವಿಶೇಷ ಅನುಮತಿ ದೊರೆಯಿತು. ಹೀಗೆ ಅವರು ಸೋದರಿ ಮೇರಿ ಎಂಬ ವ್ರತಸ್ಥೆಯೂ ಡಾ. ಗ್ಲೌರಿ ಎಂಬ ವೈದ್ಯೆಯೂ ಆಗಿ ಉಳಿದರು. ವೈದ್ಯವೃತ್ತಿ ನಡೆಸಿದ ಮೊದಲ ಧರ್ಮಭಗಿನಿಯೆಂದು ಅವರನ್ನು ಗುರುತಿಸಲಾಗುತ್ತದೆ. ಎಲ್ಲ ಧರ್ಮಭಗಿನಿಯರಿಗೂ ಆ ಬಾಗಿಲು ತೆರೆದದ್ದು 1936ರಲ್ಲಿ.

ಗುಂಟೂರಿನಲ್ಲಿ ಅವರ ಕೆಲಸ ಆರಂಭವಾದದ್ದು ಒಂದು ಚಿಕ್ಕ ಔಷಧಾಲಯದಲ್ಲಿ. ಅದೇ ಬೆಳೆದು ಸಂತ ಜೋಸೆಫರ ಆಸ್ಪತ್ರೆಯಾಯಿತು. ತೆಲುಗು ಕಲಿತು, ರೋಗಿಗಳೊಡನೆ ಅವರ ಮನೆಮಾತಿನಲ್ಲೇ ಮಾತನಾಡಿದರು. ಚಿಂತಾಮಣಿ, ಗೌರಿಬಿದನೂರು ಕಡೆಯ ನಮ್ಮ ಕುಟುಂಬಗಳಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲಿ ಪ್ರಾರ್ಥಿಸಿ ತೆಲುಗಿನಲ್ಲಿ ನೋವು ಹೇಳಿಕೊಳ್ಳುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ವಿದೇಶಿ ಔಷಧಿ ದುಬಾರಿಯಾಗಿದ್ದುದರಿಂದ ಅವರು ದೇಶೀಯ ಗಿಡಮೂಲಿಕೆಗಳನ್ನು ಅಭ್ಯಸಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಥಳೀಯ ಹೆಣ್ಣುಮಕ್ಕಳನ್ನು ದಾದಿಯರನ್ನಾಗಿ, ಸೂಲಗಿತ್ತಿಯರನ್ನಾಗಿ, ಔಷಧಿ ವಿತರಕರನ್ನಾಗಿ ತರಬೇತುಗೊಳಿಸಿದರು. ಬಲ್ಲವರ ಕೈಯಿಂದ ಬಂದಾಗಲೇ ಔಷಧಿ ಔಷಧಿಯಾಗುತ್ತದೆಂಬುದು ಅವರಿಗೆ ಗೊತ್ತಿತ್ತು.

ಅಲ್ಲಲ್ಲಿ ಒಂಟಿಯಾಗಿ ಹೆಣಗುತ್ತಿದ್ದ ಚಿಕ್ಕ ಆಸ್ಪತ್ರೆಗಳು ಒಗ್ಗೂಡದಿದ್ದರೆ ಉಳಿಗಾಲವಿಲ್ಲವೆಂದು ಮನಗಂಡು, 1943ರಲ್ಲಿ ಅವರು ಇತರ ಧರ್ಮಭಗಿನಿಯರೊಡನೆ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಇಂದು ಅದರಲ್ಲಿ 3,500ಕ್ಕೂ ಹೆಚ್ಚು ಸಂಸ್ಥೆಗಳಿವೆ. ಬಹುಪಾಲು ಹಳ್ಳಿಗಾಡಿನ ಸಣ್ಣ ಔಷಧಾಲಯಗಳೇ. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬ ಅವರ ಕನಸು ಬೆಂಗಳೂರಿನಲ್ಲಿ 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜಾಗಿ ನನಸಾಯಿತು. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಕ್ಯಾನ್ಸರ್‌ನ ತೀವ್ರ ಯಾತನೆಯನ್ನು ಅನುಭವಿಸಿ, 1957ರ ಮೇ 5ರಂದು ಅವರು ಬೆಂಗಳೂರಿನಲ್ಲಿ ಪ್ರಭುವಿನ ಸನ್ನಿಧಿ ಸೇರಿದರು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿಯೆಂದು ಸಾರಿತು.

ಈಗ ನಮ್ಮ ಮಾತ್ರೆಯ ಚೀಲಕ್ಕೆ ಮರಳೋಣ. 1988ರಲ್ಲಿ ಆರ್ಮೇನಿಯಾದಲ್ಲಿ ಭೀಕರ ಭೂಕಂಪವಾದಾಗ ಲೋಕದ ಮೂಲೆಮೂಲೆಗಳಿಂದ ಸುಮಾರು 5,000 ಟನ್ ಔಷಧಿ ಮತ್ತು ಸಾಮಗ್ರಿ ಹರಿದುಬಂತು. ಅದನ್ನು ವಿಂಗಡಿಸುವುದಕ್ಕೇ 50 ಜನರಿಗೆ ಆರು ತಿಂಗಳು ಹಿಡಿಯಿತು. ನೂರಕ್ಕೆ 8 ಭಾಗ ಬಂದಾಗಲೇ ಅವಧಿ ಮೀರಿತ್ತು. ಇನ್ನು 4 ಭಾಗ ಹಿಮಕ್ಕೆ ಕೆಟ್ಟುಹೋಗಿತ್ತು. ಉಳಿದುದರಲ್ಲಿಯೂ ಸುಲಭವಾಗಿ ಗುರುತಿಸಬಹುದಾದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಇಂತಹ ಅನುಭವಗಳಿಂದ ಪಾಠ ಕಲಿತು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನಕ್ಕೆ ಮಾರ್ಗಸೂಚಿ ಹೊರಡಿಸಿತು. ಪಡೆಯುವವರು ಕೇಳಿದ್ದನ್ನೇ ಕೊಡಬೇಕು. ಬಂದು ತಲುಪಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷವಾದರೂ ಅವಧಿ ಉಳಿದಿರಬೇಕು. ರೋಗಿಗಳು ಬಳಸಿ ಮಿಗಿಸಿದ್ದನ್ನು ಕಳುಹಿಸಬಾರದು. ಕೊಡುವವರ ದೇಶದಲ್ಲಿ ಸಲ್ಲದ ಔಷಧಿ ಬಡದೇಶದಲ್ಲೂ ಸಲ್ಲದು.

ಪಡೆಯುವ ಸಂಸ್ಥೆಗೂ ಅರ್ಹತೆ ಬೇಕು. ನಮ್ಮ ರಾಜ್ಯದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಕಾಯ್ದೆಯಂತೆ ನೋಂದಣಿಯಾಗಬೇಕು. 1948ರ ಫಾರ್ಮಸಿ ಕಾಯ್ದೆಯಂತೆ ವೈದ್ಯರ ಚೀಟಿಗೆ ಔಷಧಿ ಕೊಡುವ ಕೆಲಸ ನೋಂದಾಯಿತ ಔಷಧಿಕಾರರದು. ವಿದೇಶಿ ಸಂಸ್ಥೆ ಔಷಧಿಯನ್ನೇ ದಾನವಾಗಿ ಕಳುಹಿಸಿದರೂ ಅದು ವಿದೇಶಿ ವಂತಿಗೆಯೆನಿಸುವುದರಿಂದ ಕೇಂದ್ರ ಸರಕಾರದ ನೋಂದಣಿ ಅಥವಾ ಪೂರ್ವಾನುಮತಿ ಅಗತ್ಯ. ಇದಲ್ಲದೆ ಬಿಸಿಲು, ತೇವ ತಾಗದ ಕೊಠಡಿ, ಬಂದದ್ದು ಹೋದದ್ದರ ಲೆಕ್ಕದ ಪುಸ್ತಕ, ಮಾರಾಟ ಮಾಡದೆ ಮತಭೇದವಿಲ್ಲದೆ ಹಂಚುತ್ತೇವೆಂಬ ಭರವಸೆಯನ್ನು ದಾನಿಗಳು ಕೇಳುತ್ತಾರೆ. ಈ ಶಿಸ್ತಿನಿಂದಲೇ ಕುಷ್ಠರೋಗದ ಬಹು ಔಷಧಿ ಚಿಕಿತ್ಸೆ 1995ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ರೋಗಿಗಳಿಗೆ ಉಚಿತವಾಗಿ ತಲುಪಲು ಸಾಧ್ಯವಾಯಿತು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಚೊಕ್ಕಟವೋ ಅಲ್ಲವೋ ಎಂದು ಬಿಡಿಸಿ ನೋಡಿಯೇ ಕೊಳ್ಳುತ್ತಾರೆ. ಬಡವನ ಬಾಯಿಗೆ ಬೀಳುವ ಮಾತ್ರೆಯನ್ನು ಅದಕ್ಕಿಂತ ಕಡಿಮೆ ಎಚ್ಚರದಿಂದ ನೋಡಬಹುದೇ? ಆದ್ದರಿಂದ ಚಿಕ್ಕಬಳ್ಳಾಪುರವಾಗಲಿ, ಶಿಡ್ಲಘಟ್ಟವಾಗಲಿ, ನಮ್ಮ ಊರಿನ ಸೇವಾಕೇಂದ್ರಕ್ಕೆ ನೆರವಾಗಬಯಸುವವರು ಮೊದಲು ಅಲ್ಲಿಗೆ ಹೋಗಿ ಏನು ಬೇಕೆಂದು ವಿಚಾರಿಸಲಿ. ಒಂದು ಕಪಾಟು, ಶೀತಪೆಟ್ಟಿಗೆ, ಔಷಧಿಕಾರರ ಒಂದು ತಿಂಗಳ ಸಂಬಳ, ಅಥವಾ ಬಡ ಹುಡುಗಿಯೊಬ್ಬಳ ನರ್ಸಿಂಗ್ ಶಿಕ್ಷಣದ ವೆಚ್ಚವೇ ಅಲ್ಲಿನ ನಿಜವಾದ ಅಗತ್ಯವಾಗಿರಬಹುದು.

ಶುಭಸಂದೇಶದ ದಯಾಳು ಸಮಾರಿಯದವನು ಗಾಯಕ್ಕೆ ಎಣ್ಣೆ ಹಚ್ಚಿ ಹೊರಟುಬಿಡಲಿಲ್ಲ. ಗಾಯಾಳುವನ್ನು ಛತ್ರಕ್ಕೆ ಒಯ್ದು, ನೋಡಿಕೊಳ್ಳುವವರನ್ನು ಗೊತ್ತುಮಾಡಿ, ಖರ್ಚಿಗೆ ಹಣವನ್ನಿತ್ತು, ಮರಳಿ ಬಂದು ವಿಚಾರಿಸುವ ಹೊಣೆ ಹೊತ್ತನು. ಮೇರಿ ಗ್ಲೌರಿ ಗುಂಟೂರಿನಲ್ಲಿ ಮೂರು ದಶಕಗಳಿಗೂ ಮಿಕ್ಕಿ ಮಾಡಿದ್ದು ಅದನ್ನೇ. ನಮ್ಮ ದಾನಕ್ಕೂ ಅಂತಹ ಹೊಣೆಗಾರಿಕೆ ಜೊತೆಗೂಡಲಿ.