ಆಮೇಲೆ ಅವರು ಏನು ಮಾಡಿದರು?



ಕಳೆದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಮಕ್ಕಳಿಗೆ ಕಥೆ ಓದುವ ಸರದಿ ನನ್ನದಿತ್ತು. ಸಾವಿತ್ರಿಬಾಯಿ ಫುಲೆ ಅವರ ಚಿತ್ರಪುಸ್ತಕವೊಂದನ್ನು ಹಿಡಿದು ಕೂತೆ. ಚಿತ್ರಗಳು ಚೆನ್ನಾಗಿದ್ದವು. ಎಳೆ ವಯಸ್ಸಿನಲ್ಲೇ ಮದುವೆ, ಜೋತಿಬಾ ಕಲಿಸಿದ ಅಕ್ಷರ, 1848ರಲ್ಲಿ ಪುಣೆಯ ಭಿಡೆವಾಡದಲ್ಲಿ ಹೆಣ್ಣುಮಕ್ಕಳ ಶಾಲೆ, ದಾರಿಯಲ್ಲಿ ಸಗಣಿ ಎಸೆಯುವವರು, ಚೀಲದಲ್ಲಿ ಇನ್ನೊಂದು ಸೀರೆ. ಕೊನೆಯ ಪುಟದಲ್ಲಿ ಕಪ್ಪುಹಲಗೆಯ ಮುಂದೆ ನಿಂತು ನಗುತ್ತಾರೆ. ಅಷ್ಟಕ್ಕೆ ಪುಸ್ತಕ ಮುಗಿಯಿತು. ಮುಂದೆ ಕೂತಿದ್ದ ಹುಡುಗಿಯೊಬ್ಬಳು, ಆಮೇಲೆ ಅವರು ಏನು ಮಾಡಿದರು ಎಂದು ಕೇಳಿದಳು.

ನಾನು ಲೆಕ್ಕ ಹಾಕಿದೆ. ಶಾಲೆ ತೆರೆದಾಗ ಸಾವಿತ್ರಿಬಾಯಿಗೆ 17 ವರ್ಷ. ತೀರಿಕೊಂಡಾಗ 66. ಪುಸ್ತಕ 49 ವರ್ಷಗಳನ್ನೇ ಬಿಟ್ಟಿದೆ! ಜನವರಿ 3ರಂದು ನಾವು ಮಾಡುವ ಭಾಷಣಗಳೂ ಹೆಚ್ಚುಕಡಿಮೆ ಆ ಸೀರೆಯ ಕಥೆಗೇ ನಿಲ್ಲುತ್ತವೆ. ಪುಸ್ತಕ ಮಡಚಿ ಬಾಯಿಮಾತಿನಲ್ಲಿ ಮುಂದುವರಿಸಿದೆ.

ಮೋಸಹೋಗಿ ಬಸಿರಾದ ವಿಧವೆಯರಿಗೆ ಬಾವಿಯೋ ಹೊಳೆಯೋ ಗತಿಯಾಗಿದ್ದ ಕಾಲ ಅದು. ಅಂಥವರು ಬಂದು ಹೆರಿಗೆ ಮಾಡಿಸಿಕೊಂಡು ಹೋಗಲಿ ಎಂದು 1863ರಲ್ಲಿ ಫುಲೆ ದಂಪತಿ ಒಂದು ಆಶ್ರಯ ತೆರೆದರು. ಬಂದವರಲ್ಲಿ ಹೆಚ್ಚಿನವರು ಬ್ರಾಹ್ಮಣ ವಿಧವೆಯರು. ಸಗಣಿ ಎಸೆದವರ ಮನೆಯ ಹೆಣ್ಣುಮಕ್ಕಳ ಬಾಣಂತನವನ್ನು ಸಾವಿತ್ರಿಬಾಯಿ ಮಾಡಿದರು. ಸ್ವಂತ ಮಕ್ಕಳಿರಲಿಲ್ಲ. ಅಂಥ ಒಬ್ಬ ತಾಯಿಯ ಮಗುವನ್ನೇ ದತ್ತು ತೆಗೆದುಕೊಂಡು ಯಶವಂತ ಎಂದು ಸಾಕಿ ವೈದ್ಯನನ್ನಾಗಿ ಮಾಡಿದರು.

1868ರಲ್ಲಿ ತವರು ನಾಯಗಾಂವದಲ್ಲಿದ್ದಾಗ ನಡೆದ ಇನ್ನೊಂದು ಸಂಗತಿಯನ್ನು ಅವರೇ ಜೋತಿಬಾಗೆ ಪತ್ರದಲ್ಲಿ ಬರೆದಿದ್ದಾರೆ. ಗಣೇಶ ಎಂಬ ಬ್ರಾಹ್ಮಣ ಹುಡುಗ, ಶಾರ್ಜಾ ಎಂಬ ಮಹಾರ್ ಹುಡುಗಿ ಪ್ರೀತಿಸಿದ್ದರು. ಹುಡುಗಿ ಆರು ತಿಂಗಳ ಬಸುರಿ. ಊರವರು ಇಬ್ಬರನ್ನೂ ಬೀದಿಯಲ್ಲಿ ಮೆರವಣಿಗೆ ಮಾಡಿ ಕೊಲ್ಲಲು ಹೊರಟಿದ್ದರು. ಸಾವಿತ್ರಿಬಾಯಿ ಓಡಿಹೋಗಿ ಅಡ್ಡ ನಿಂತು, ಬ್ರಿಟಿಷರ ಕಾನೂನಿನಲ್ಲಿ ಕೊಲೆಗೆ ಏನು ಶಿಕ್ಷೆ ಎಂದು ಹೆದರಿಸಿ, ಇಬ್ಬರನ್ನೂ ಬಿಡಿಸಿ ಜೋತಿಬಾ ಹತ್ತಿರ ಕಳಿಸಿಕೊಟ್ಟರು. ಇದನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ಕ್ಷಣಕಾಲ ತಡೆದೆ. ಇಂಥ ಸುದ್ದಿ ಇವತ್ತಿಗೂ ಪೇಪರಿನಲ್ಲಿ ಬರುತ್ತದೆ, ನಮ್ಮ ಮಕ್ಕಳು ಓದುತ್ತಾರೆ. ಹೇಳಿಬಿಟ್ಟೆ. ಹಿಂದೆ ಕೂತಿದ್ದ ತಾಯಂದಿರು ಮಾತು ನಿಲ್ಲಿಸಿ ಕೇಳಿದರು.

1890ರ ನವೆಂಬರ್ 28ರಂದು ಜೋತಿಬಾ ತೀರಿಕೊಂಡರು. ದತ್ತುಮಗನಿಗೆ ಹಕ್ಕಿಲ್ಲ ಎಂದು ನೆಂಟರು ತಕರಾರು ತೆಗೆದರು. ಹೆಂಗಸು ಸ್ಮಶಾನದ ಕಡೆ ಹೋಗಬಾರದೆನ್ನುತ್ತಿದ್ದ ದಿನಗಳಲ್ಲಿ ಸಾವಿತ್ರಿಬಾಯಿ ತಾವೇ ಮಡಕೆ ಹಿಡಿದು ಶವದ ಮುಂದೆ ನಡೆದರು. ನನ್ನ ಕಣ್ಣಿಗೆ ಆ ಮಡಕೆ ಶಾಲೆಯ ಹಲಗೆಗಿಂತ ಕಮ್ಮಿಯದಲ್ಲ. ಆಮೇಲೆ ಸತ್ಯಶೋಧಕ ಸಮಾಜದ ಕೆಲಸವನ್ನೂ ಹೊತ್ತರು. 1893ರಲ್ಲಿ ಸಾಸವಡದ ಅಧಿವೇಶನಕ್ಕೆ ಅವರೇ ಅಧ್ಯಕ್ಷೆ.

1897ರಲ್ಲಿ ಪುಣೆಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡುತ್ತಿದ್ದರು. ಸಾವಿತ್ರಿಬಾಯಿ, ಯಶವಂತ ಸೇರಿ ಊರಾಚೆ ಸಾಸಾಣೆಯವರ ತೋಟದಲ್ಲಿ ಚಿಕಿತ್ಸಾಲಯ ಶುರುಮಾಡಿದರು. ಮುಂಢವಾದ ಮಹಾರ್ ಕೇರಿಯಲ್ಲಿ ಪಾಂಡುರಂಗ ಗಾಯಕವಾಡ ಎಂಬ ಹುಡುಗನಿಗೆ ಗಡ್ಡೆ ಎದ್ದಿದೆ ಎಂದು ತಿಳಿಯಿತು. 66ರ ಅಜ್ಜಿ ಹೋಗಿ, ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ರೋಗ ಅವರಿಗೂ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು. ಆಗ ಅದೇ ಮಹಾರ್ ಕುಲದ ಇನ್ನೊಬ್ಬ ಹುಡುಗ, ನಮ್ಮ ಭೀಮರಾವ್, ಇನ್ನೂ ಆರು ವರ್ಷ ತುಂಬದ ಮಗು. ಬುದ್ಧ, ಕಬೀರರ ಜೊತೆ ಫುಲೆಯವರನ್ನೂ ತಮ್ಮ ಗುರು ಎಂದು ಹೇಳಿಕೊಳ್ಳಲು ಅವರಿಗೆ ಬಹಳ ವರ್ಷ ಬೇಕಿತ್ತು.

ಮಕ್ಕಳು ಕೇಳಿದ್ದು ಒಂದೇ, ಆ ಹುಡುಗ ಬದುಕಿದನಾ ಅಂತ. ಬದುಕಿದ ಅಂದೆ.

ಬಿಟ್ಟುಹೋದ ಪುಟಗಳನ್ನು ಬರೆಯಿರಿ ಎಂದು ಹಾಳೆ ಹಂಚಿದೆ. ಪ್ರಶ್ನೆ ಕೇಳಿದ ಹುಡುಗಿ ಬೆನ್ನ ಮೇಲೆ ಹೊತ್ತ ಚಿತ್ರ ಬರೆದಳು. ಅಜ್ಜಿಗಿಂತ ಹುಡುಗನೇ ದೊಡ್ಡವನಾಗಿದ್ದಾನೆ. ತಿದ್ದಲಿಲ್ಲ. ಕಪ್ಪುಹಲಗೆಯ ಪುಟದ ಮುಂದಕ್ಕೆ ಅಂಟಿಸಿ, ಪುಸ್ತಕವನ್ನು ವಿಹಾರದ ಕಪಾಟಿನಲ್ಲಿಟ್ಟಿದ್ದೇನೆ.

ಜೈ ಭೀಮ್.