ಓದು ಬಾರದವನು ಕೊಟ್ಟ ಲಿಪಿ

ಯಾವ ಭಾಷೆಯನ್ನೂ ಓದಲು ಬಾರದ ಬೆಳ್ಳಿ ಕೆಲಸಗಾರನೊಬ್ಬ ತನ್ನ ಜನಾಂಗಕ್ಕೆ ಲಿಪಿಯೊಂದನ್ನು ರೂಪಿಸಿಕೊಟ್ಟ ಅಪೂರ್ವ ಸಾಧನೆ ಸೆಕ್ವೋಯಾನದು. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಸಮುದಾಯದ ಈತ ಜನಿಸಿದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ, ಇಂದಿನ ಟೆನ್ನೆಸ್ಸೀ ರಾಜ್ಯದಲ್ಲಿ.

ಬಿಳಿಯರ ಪತ್ರವ್ಯವಹಾರವನ್ನು ಕಂಡು ಬೆರಗಾದ ಸೆಕ್ವೋಯಾ 1809ರ ಸುಮಾರಿಗೆ ಪ್ರಯತ್ನ ಆರಂಭಿಸಿದ. ಮೊದಲು ಪದಕ್ಕೊಂದು ಚಿಹ್ನೆ ರಚಿಸತೊಡಗಿದ. ಪದಗಳಿಗೆ ಕೊನೆಯೇ ಇಲ್ಲದ್ದರಿಂದ ಆ ಮಾರ್ಗ ಕೈಬಿಡಬೇಕಾಯಿತು. ಇದು ಮಾಟವಿರಬೇಕೆಂದು ಸುತ್ತಲಿನವರು ಶಂಕಿಸಿದರು. ಆದರೆ ಮಾತನ್ನು ಬಿಡಿಸಿ ಆಲಿಸಿದಾಗ, ಎಲ್ಲ ಪದಗಳೂ ಕೆಲವೇ ಉಚ್ಚಾರದ ತುಣುಕುಗಳಿಂದ ಕೂಡಿರುವುದು ಆತನಿಗೆ ಹೊಳೆಯಿತು. ಅಂತಹ ತುಣುಕಿಗೊಂದರಂತೆ 86 ಚಿಹ್ನೆಗಳು ಸಿದ್ಧವಾದವು. ಮುಂದೆ ಒಂದು ಬಿಟ್ಟುಹೋಗಿ 85 ಉಳಿದವು. ಕನ್ನಡದ ಕ, ಕಿ, ಕೆಗಳಲ್ಲಿ ಮೂಲರೂಪ ಒಂದೇ. ಚೆರೋಕಿಯಲ್ಲಿ ಪ್ರತಿಯೊಂದರ ಆಕಾರವೂ ಬೇರೆ.

1821ರಲ್ಲಿ ಲಿಪಿ ಪೂರ್ಣಗೊಂಡಿತು. ಅದನ್ನು ಮೊದಲು ಕಲಿತವಳು ಪುಟ್ಟ ಮಗಳು ಅಯೋಕಾ. ತಂದೆ ಬರೆದುದನ್ನು ಆಕೆ ಸರಾಗವಾಗಿ ಓದಿದ್ದನ್ನು ಕಂಡು ಹಿರಿಯರ ಸಂಶಯ ಕರಗಿತು. ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಅಕ್ಷರಸ್ಥರಾದರು. 1828ರಲ್ಲಿ ಇದೇ ಲಿಪಿ ಹಾಗೂ ಇಂಗ್ಲಿಷ್‌ನಲ್ಲಿ 'ಚೆರೋಕಿ ಫೀನಿಕ್ಸ್' ಪತ್ರಿಕೆ ಹೊರಬಂತು.

ಹತ್ತು ವರ್ಷಗಳಲ್ಲೇ ದುರಂತ ಎರಗಿತು. 1838-39ರಲ್ಲಿ ಅಮೆರಿಕ ಸರ್ಕಾರ ಚೆರೋಕಿಗಳನ್ನು ತವರುನೆಲದಿಂದ ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿತು. ಸಾವಿರಾರು ಮಂದಿ ಅಸುನೀಗಿದರು. ಚದುರಿಹೋದ ತನ್ನವರನ್ನು ಅರಸುತ್ತಾ ಮೆಕ್ಸಿಕೋಗೆ ತೆರಳಿದ ಸೆಕ್ವೋಯಾ 1843ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದ. ನೆಲ ಕಳೆದುಕೊಂಡ ಜನ ಲಿಪಿಯನ್ನು ಕಳೆದುಕೊಳ್ಳಲಿಲ್ಲ. ಓಕ್ಲಹೋಮಾದ ಚೆರೋಕಿ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಅದನ್ನು ಕಲಿಯುತ್ತಿದ್ದಾರೆ.